ಚಾಮುಂಡಿ ಬೆಟ್ಟ

ಚಾಮುಂಡಿ ಬೆಟ್ಟವು ಮೈಸೂರು ನಗರದ ಆಗ್ನೇಯಕ್ಕೆ, ಅರಮನೆಯಿಂದ ನೇರವಾಗಿ ಅಳೆದರೆ ಸುಮಾರು ನಾಲ್ಕು ಕಿ.ಮೀ. ದೂರದಲ್ಲಿರುವ ಒಂಟಿ ಬೆಟ್ಟ. ನೆತ್ತಿಯ ಎತ್ತರ ಸಮುದ್ರಮಟ್ಟದಿಂದ 3,489 ಅಡಿ, ಅಂದರೆ ಸುಮಾರು 1,063 ಮೀಟರ್. ನಗರವೇ ಎರಡೂವರೆ ಸಾವಿರ ಅಡಿಯ ಮೇಲೆ ಕೂತಿರುವುದರಿಂದ ಹತ್ತುವವನ ಪಾಲಿಗೆ ಉಳಿಯುವುದು ಸಾವಿರ ಅಡಿ ಮಾತ್ರ. ಹತ್ತಲು ಒಂದು ಗಂಟೆ ಸಾಕು. ಪಶ್ಚಿಮ ಘಟ್ಟದ ಲೆಕ್ಕದಲ್ಲಿ ಇದನ್ನು ಗುಡ್ಡವೆಂದು ಕರೆದಾರು. ಆದರೂ ಮೈಸೂರಿನವರು ‘ಬೆಟ್ಟ’ ಎಂದರೆ ಬೇರೆ ಯಾವ ಬೆಟ್ಟವೂ ಲೆಕ್ಕಕ್ಕೆ ಬರುವುದಿಲ್ಲ. ‘ಬೆಟ್ಟಕ್ಕೆ ಹೋಗಿದ್ದೆ’ ಎಂದರೆ ದರ್ಶನಕ್ಕೂ ಆಗಬಹುದು, ಬೆಳಗಿನ ವ್ಯಾಯಾಮಕ್ಕೂ ಆಗಬಹುದು, ಸಂಜೆ ಬೈಕಿನಲ್ಲಿ ಹೋಗಿ ಊರಿನ ದೀಪ ನೋಡಿಕೊಂಡು ಬಂದದ್ದೂ ಆಗಬಹುದು.

ನೆತ್ತಿಯಲ್ಲಿ ಚಾಮುಂಡೇಶ್ವರಿಯ ದೇವಸ್ಥಾನ, ಅದಕ್ಕಿಂತ ಹಳೆಯದಾದ ಮಹಾಬಲೇಶ್ವರನ ಗುಡಿ, ದೇವಿಕೆರೆ, ರಾಜೇಂದ್ರ ವಿಲಾಸ ಅರಮನೆ ಮತ್ತು ಜನ ವಾಸಿಸುವ ಒಂದು ಊರು ಇವೆ. ಈ ಊರಿಗೆ ತನ್ನದೇ ಗ್ರಾಮ ಪಂಚಾಯಿತಿಯೂ ಇದೆ. ಇಳಿಜಾರುಗಳು ಅರಣ್ಯ ಇಲಾಖೆಗೆ ಸೇರಿದ ಮೀಸಲು ಕಾಡು. ವಿಸ್ತೀರ್ಣ ಸುಮಾರು 1,500 ಎಕರೆ. ಒಂದೇ ಬೆಟ್ಟಕ್ಕೆ ಮುಜರಾಯಿ, ಅರಣ್ಯ, ಪಂಚಾಯಿತಿ, ಲೋಕೋಪಯೋಗಿ, ಪ್ರವಾಸೋದ್ಯಮ ಎಂದು ಇಷ್ಟೊಂದು ಮಂದಿ ಯಜಮಾನರು. ಇತ್ತೀಚಿನ ತಕರಾರುಗಳಲ್ಲಿ ಬಹುಪಾಲು ಹುಟ್ಟಿದ್ದು ಇಲ್ಲಿಂದಲೇ.

ಬಂಡೆ ಮತ್ತು ನೀರು

ಮೈಸೂರಿನ ಸುತ್ತಲ ನೆಲದಡಿಯಲ್ಲಿರುವುದು ಮುನ್ನೂರು ಕೋಟಿ ವರ್ಷಕ್ಕೂ ಹಳೆಯದಾದ ನೈಸ್ ಶಿಲೆ. ಅದನ್ನು ಸೀಳಿಕೊಂಡು ಕೆಳಗಿನಿಂದ ಮೇಲೆದ್ದ ಕರಗಿದ ಶಿಲಾಪಾಕ ಒಳಗೇ ತಣ್ಣಗಾಗಿ ಗಟ್ಟಿಯಾದದ್ದು ಚಾಮುಂಡಿ ಗ್ರಾನೈಟ್. ಅದರ ವಯಸ್ಸು ಸುಮಾರು 80 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ರಾಮನಗರದ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಅವುಗಳ ಮುಂದೆ ಇದು ಎಳೆಯದು, ಕರ್ನಾಟಕದ ಗ್ರಾನೈಟುಗಳಲ್ಲಿ ತೀರ ಕಿರಿಯವುಗಳ ಸಾಲಿಗೆ ಸೇರಿದ್ದು. ಸುತ್ತಲಿನ ಮೆದು ಶಿಲೆ ಮಳೆ ಬಿಸಿಲಿಗೆ ಸವೆದು ಬಯಲಾಯಿತು. ಗ್ರಾನೈಟ್ ಸವೆಯದೆ ನಿಂತಿತು. ಬಯಲಿನ ನಡುವೆ ಈ ಬೆಟ್ಟ ಒಂಟಿಯಾಗಿ ಎದ್ದು ಕಾಣುವುದು ಅದಕ್ಕೇ.

ಆದರೆ ಈ ಕಲ್ಲೂ ಸವೆಯುತ್ತದೆ, ಅದರ ರೀತಿ ಬೇರೆ ಅಷ್ಟೆ. ಹಗಲು ಕಾದು ರಾತ್ರಿ ತಣಿಯುವ ಬಂಡೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಅಂಚುಗಳು ಉದುರಿ ದುಂಡಗಿನ ಗುಂಡುಗಳಾಗುತ್ತವೆ, ಉದುರಿದ ಪುಡಿ ಸಂದುಗಳಲ್ಲಿ ಮೊರಬು ಮಣ್ಣಾಗಿ ಕೂರುತ್ತದೆ. ಮೆಟ್ಟಿಲ ದಾರಿಯಲ್ಲಿ ನಿಂತು ಪಕ್ಕದ ಬಂಡೆಯನ್ನು ಅಂಗೈಯಿಂದ ತಟ್ಟಿದರೆ ಕೆಲವು ಕಡೆ ಟೊಳ್ಳು ಸದ್ದು ಬರುತ್ತದೆ. ಮೇಲಿನ ಪದರ ಆಗಲೇ ಬಿಟ್ಟಿದೆ ಎಂದರ್ಥ. ಮರದ ಬೇರುಗಳು ಈ ಮಣ್ಣನ್ನು ಹಿಡಿದಿಟ್ಟಿರುವವರೆಗೆ ತೊಂದರೆಯಿಲ್ಲ. ಬೇರು ಕಿತ್ತು ಅಡ್ಡಲಾಗಿ ರಸ್ತೆ ಕಡಿದಾಗ, ಹರಿಯುವ ನೀರಿಗೆ ದಾರಿ ತಪ್ಪಿದಾಗ, ಮಣ್ಣು ಜಾರುತ್ತದೆ.

ಮೈಸೂರಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 80 ಸೆಂ.ಮೀ. ಅದರಲ್ಲಿ ಬೆಟ್ಟದ ಮೇಲೆ ಬಿದ್ದ ಪಾಲು ಬಂಡೆಯ ಸಂದಿನಲ್ಲಿ ಇಂಗಿ, ಸಣ್ಣ ತೊರೆಗಳಾಗಿ ಇಳಿದು ಬುಡದ ಕೆರೆಕಟ್ಟೆಗಳನ್ನು ಸೇರುತ್ತಿತ್ತು. ನಗರದ ಕಡೆಯ ಬುಡದಲ್ಲಿ ಈಗ ಹೆಸರಾಗಿರುವುದು ಕಾರಂಜಿ ಕೆರೆ. ಅದರ ದಂಡೆಯಲ್ಲಿ ಪ್ರಾದೇಶಿಕ ನೈಸರ್ಗಿಕ ಇತಿಹಾಸ ವಸ್ತು ಸಂಗ್ರಹಾಲಯವಿದೆ; ಬೆಟ್ಟ ನೋಡಲು ಹೊರಟವರು ಮೊದಲು ಇಲ್ಲಿ ಒಂದು ಗಂಟೆ ಕಳೆದರೆ ಕಾಡು ಅರ್ಥವಾಗುತ್ತದೆ. ನೆತ್ತಿಯ ದೇವಿಕೆರೆ ಚಿಕ್ಕದು. ದಸರೆಯ ನಂತರ ದೇವಿಯ ತೆಪ್ಪೋತ್ಸವ ಅಲ್ಲೇ ನಡೆಯುತ್ತದೆ.

ಮಹಾಬಲನಿಂದ ಚಾಮುಂಡಿಗೆ

ಬೆಟ್ಟ ಮೊದಲು ಶಿವನದು. ಶಾಸನಗಳು ಇದನ್ನು ಮಬ್ಬಲ ಅಥವಾ ಮಾರ್ಬಲ ತೀರ್ಥ ಎನ್ನುತ್ತವೆ. ಮಹಾಬಲಾದ್ರಿ, ಮಹಾಬಲಗಿರಿ ಎಂಬ ಹೆಸರುಗಳೂ ಇದ್ದವು. ಗಂಗರ ಕಾಲದ, ಹತ್ತನೆಯ ಶತಮಾನದ ಶಾಸನ ಇಲ್ಲಿ ಸಿಕ್ಕಿದೆ. ಹೊಯ್ಸಳ ವಿಷ್ಣುವರ್ಧನ 1128ರಲ್ಲಿ ಈ ತೀರ್ಥಕ್ಕೆ ದತ್ತಿ ಬಿಟ್ಟ ದಾಖಲೆಯಿದೆ. ಆ ಮಹಾಬಲೇಶ್ವರ ಇಂದಿಗೂ ದೊಡ್ಡ ಗೋಪುರದ ಮಗ್ಗುಲಲ್ಲೇ ಇದ್ದಾನೆ. ಅಲ್ಲಿ ಸಾಲು ನಿಲ್ಲಬೇಕಾಗಿಲ್ಲ, ಟಿಕೆಟ್ಟಿಲ್ಲ, ನೂಕುನುಗ್ಗಲಿಲ್ಲ. ದೇವಿಯ ದರ್ಶನ ಮುಗಿಸಿದವರಲ್ಲಿ ಹತ್ತಕ್ಕೆ ಒಬ್ಬರು ಆ ಕಡೆ ತಿರುಗಿದರೆ ಹೆಚ್ಚು. ಕಲ್ಲಿನ ಕೆಲಸ ನೋಡುವ ಆಸೆಯಿರುವವರಿಗೆ ಬೆಟ್ಟದ ಮೇಲೆ ನೋಡಬೇಕಾದ ಮೊದಲ ಗುಡಿ ಅದು.

ಮೈಸೂರು ಒಡೆಯರು ಚಾಮುಂಡಿಯನ್ನು ಕುಲದೇವತೆಯಾಗಿ ಒಪ್ಪಿದ ಮೇಲೆ ಬೆಟ್ಟದ ಹೆಸರೂ ಮಹತ್ವವೂ ದೇವಿಯ ಕಡೆಗೆ ವಾಲಿದವು. ಹದಿನಾರನೆಯ ಶತಮಾನದ ಚಾಮರಾಜ ಒಡೆಯರೊಬ್ಬರು ಬೆಟ್ಟಕ್ಕೆ ಬಂದಿದ್ದಾಗ ಸಿಡಿಲು ಬಡಿದು, ಜೀವ ಉಳಿದು, ತಲೆಗೂದಲು ಮಾತ್ರ ಹೋಯಿತೆಂದೂ ಅದಕ್ಕೇ ಅವರು ಬೋಳ ಚಾಮರಾಜರಾದರೆಂದೂ ಕತೆಯಿದೆ. ಗುಡುಗು ಮಳೆಯ ಹೊತ್ತಿಗೆ ಬಯಲ ಬಂಡೆಯ ಮೇಲೆ ನಿಲ್ಲಬಾರದು ಎನ್ನುವುದಕ್ಕೆ ಇದಕ್ಕಿಂತ ಹಳೆಯ ಎಚ್ಚರಿಕೆ ಬೇಕಿಲ್ಲ. ದೊಡ್ಡ ದೇವರಾಜ ಒಡೆಯರ್ (ಆಳ್ವಿಕೆ 1659–1673) ಬುಡದಿಂದ ನೆತ್ತಿಯವರೆಗೆ ಕಲ್ಲಿನ ಮೆಟ್ಟಿಲು ಹಾಕಿಸಿದರು, ದಾರಿಯಲ್ಲಿ ನಂದಿಯನ್ನು ಕಡೆಯಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರ್ 1827ರಲ್ಲಿ ಏಳು ನೆಲೆಯ ಗೋಪುರ ಎತ್ತಿಸಿದರು. ದೇವಸ್ಥಾನದೊಳಗೆ ಕೈಮುಗಿದು ನಿಂತ ಮುಮ್ಮಡಿಯವರ ವಿಗ್ರಹವೂ ಅವರ ರಾಣಿಯರ ವಿಗ್ರಹಗಳೂ ಇವೆ. ರಾಜೇಂದ್ರ ವಿಲಾಸ ಇಪ್ಪತ್ತನೆಯ ಶತಮಾನದ್ದು. ಬಿಳಿ ಗೋಡೆ, ಗುಮ್ಮಟಗಳ ಈ ಬೇಸಿಗೆ ಅರಮನೆ ಕೆಲಕಾಲ ಹೋಟೆಲಾಗಿತ್ತು, ಆಮೇಲೆ ಬಾಗಿಲು ಮುಚ್ಚಿತು.

ರಾಜರ ಕಟ್ಟಡಗಳ ಜೊತೆಗೆ ಜನರು ಕಟ್ಟಿಕೊಂಡ ಚಾಮುಂಡಿಯೂ ಇದ್ದಾಳೆ. ಮೈಸೂರು ಸೀಮೆಯ ಜನಪದ ಕಾವ್ಯದಲ್ಲಿ ಮಹಿಷನ ನೆತ್ತರಿನ ಹನಿ ನೆಲಕ್ಕೆ ಬಿದ್ದಲ್ಲೆಲ್ಲ ಹೊಸ ರಕ್ಕಸ ಹುಟ್ಟುವಾಗ, ತಂಗಿ ಉತ್ತನಹಳ್ಳಿ ಮಾರಮ್ಮ ನಾಲಗೆ ಚಾಚಿ ಹನಿ ನೆಲ ಮುಟ್ಟದಂತೆ ಹೀರಿ ಅಕ್ಕನನ್ನು ಕಾಯುತ್ತಾಳೆ. ಬೆಟ್ಟದ ಬುಡದ ಉತ್ತನಹಳ್ಳಿಯಲ್ಲಿ ಆಕೆಯ ಗುಡಿಯಿದೆ. ಅಕ್ಕನನ್ನು ಕಂಡವರು ತಂಗಿಯನ್ನೂ ಕಂಡು ಬರುವುದು ರೂಢಿ. ಅದೇ ಕಾವ್ಯದಲ್ಲಿ ಚಾಮುಂಡಿಗೂ ನಂಜನಗೂಡಿನ ನಂಜುಂಡನಿಗೂ ಪ್ರೀತಿ ಹುಟ್ಟುತ್ತದೆ. ಮನೆಯಲ್ಲಿ ಹೆಂಡತಿಯಿರುವ ನಂಜುಂಡ, ಬೆಟ್ಟದ ಮೇಲಿನ ಪ್ರೇಯಸಿ, ನಡುವೆ ಜಗಳ, ಬೈಗುಳ, ರಾಜಿ: ಪುರಾಣದ ದುರ್ಗೆಗೆ ಇಲ್ಲದ ಸಂಸಾರದ ತಾಪತ್ರಯವೆಲ್ಲ ಈ ಚಾಮುಂಡಿಗೆ ಇದೆ. ನೆತ್ತಿಯಲ್ಲಿ ವಾಹನ ಇಳಿಯುತ್ತಿದ್ದಂತೆ ಎದುರಾಗುವ ಮಹಿಷಾಸುರನ ಬಣ್ಣದ ಪ್ರತಿಮೆ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದು, ಮಕ್ಕಳ ಫೋಟೊಗೆ ದೇವಿಗಿಂತ ಹೆಚ್ಚು ಒದಗುತ್ತದೆ. ಮಹಿಷ ರಕ್ಕಸನಲ್ಲ, ಈ ನಾಡನ್ನು ಆಳಿದ ಅರಸ ಎನ್ನುವವರು ಮಹಿಷ ದಸರಾ ಆಚರಿಸುತ್ತಾರೆ. ಅದಕ್ಕೆ ವಿರೋಧವೂ ಅಷ್ಟೇ ಜೋರು. ಆ ದಿನಗಳಲ್ಲಿ ಬೆಟ್ಟದ ಮೇಲೆ ಪೊಲೀಸರೇ ಹೆಚ್ಚು ಕಾಣುತ್ತಾರೆ.

ದಸರೆಯ ಉದ್ಘಾಟನೆ ನಡೆಯುವುದೂ ಬೆಟ್ಟದ ಮೇಲೆಯೇ, ದೇವಿಯ ಉತ್ಸವಮೂರ್ತಿಗೆ ಹೂ ಹಾಕುವುದರಿಂದ. 2017ರಲ್ಲಿ ಕವಿ ಕೆ.ಎಸ್. ನಿಸಾರ್ ಅಹಮದ್, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಉದ್ಘಾಟಿಸಿದರು. ಎರಡನೆಯದನ್ನು ತಡೆಯಬೇಕೆಂಬ ಅರ್ಜಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ವಜಾ ಆಯಿತು. ವಿಜಯದಶಮಿಯಂದು ಉತ್ಸವಮೂರ್ತಿ ಬೆಟ್ಟದಿಂದ ಇಳಿದು ಅರಮನೆಗೆ ಬಂದು ಚಿನ್ನದ ಅಂಬಾರಿ ಏರುತ್ತದೆ.

ಮೆಟ್ಟಿಲು

ನಡೆಯುವವರ ಬೆಟ್ಟ ಶುರುವಾಗುವುದು ‘ಪಾದ’ದಿಂದ. ಮೆಟ್ಟಿಲುಗಳ ಬುಡಕ್ಕೆ ಊರಿನವರು ಹೇಳುವ ಹೆಸರು ಅದು. ಮೆಟ್ಟಿಲು ಎಷ್ಟು ಎಂದು ಕೇಳಿದರೆ ಸಾವಿರ, ಸಾವಿರದೆಂಟು, ಸಾವಿರದ ನೂರು ಎಂದು ಬಗೆಬಗೆಯ ಉತ್ತರ ಬರುತ್ತದೆ. ರಸ್ತೆ ದಾಟುವಲ್ಲಿನ ಮೆಟ್ಟಿಲು, ನಂದಿಯ ಸುತ್ತಲಿನ ಕಟ್ಟೆ, ಸವೆದು ಒಂದಾದ ಎರಡು ಕಲ್ಲು, ಇವನ್ನು ಹೇಗೆ ಎಣಿಸಿದಿರಿ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಮೊದಲ ಮುನ್ನೂರು ಮೆಟ್ಟಿಲು ಕಡಿದು. ಹೊಸಬರು ದಮ್ಮು ಕಟ್ಟಿ ಕೂರುವುದು ಅಲ್ಲೇ. ಆಮೇಲೆ ದಾರಿ ಸಲೀಸಾಗುತ್ತದೆ, ಮರದ ನೆರಳೂ ಸಿಗುತ್ತದೆ. ದಿನವೂ ಹತ್ತುವವರು ಅರ್ಧ ಗಂಟೆಯಲ್ಲಿ ಮೇಲಿರುತ್ತಾರೆ, ಉಳಿದವರಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಇಳಿಯುವಾಗ ಉಸಿರಿಗೆ ಸುಖ, ಮಂಡಿಗೆ ಕಷ್ಟ. ಎತ್ತರ ಒಂದೇ ಸಮ ಇಲ್ಲದ ಹಳೆಯ ಕಲ್ಲುಗಳಾದ್ದರಿಂದ ಹೆಜ್ಜೆ ನೋಡಿಕೊಂಡೇ ಇಳಿಯಬೇಕು.

ಬೆಳಗಿನ ಜಾವ ಪಾದದಲ್ಲಿ ನಿಂತರೆ ಈ ಬೆಟ್ಟಕ್ಕೆ ಎಷ್ಟು ಬಗೆಯ ಜನ ಬರುತ್ತಾರೆ ಎಂಬುದು ಕಾಣುತ್ತದೆ. ಹರಕೆ ಹೊತ್ತ ಹೆಂಗಸು ಬರಿಗಾಲಲ್ಲಿ, ಬಟ್ಟಲಲ್ಲಿ ಕಲಸಿದ ಅರಿಶಿನ, ಇನ್ನೊಂದರಲ್ಲಿ ಕುಂಕುಮ ಹಿಡಿದು ಹೊರಡುತ್ತಾಳೆ. ಪ್ರತಿ ಮೆಟ್ಟಿಲಿಗೂ ಬಗ್ಗಿ ಮೂರು ಬೆರಳಿನಿಂದ ಅರಿಶಿನ ಎಳೆದು, ನಡುವೆ ಕುಂಕುಮದ ಬೊಟ್ಟಿಟ್ಟು, ಒಂದು ಹೂವಿನ ಎಸಳು ಇಟ್ಟು ಮುಂದಿನ ಮೆಟ್ಟಿಲಿಗೆ ಹೋಗುತ್ತಾಳೆ. ಹಿಂದೆ ಮಕ್ಕಳು ಪುಡಿಯ ಪೊಟ್ಟಣ ಹಿಡಿದು ಬರುತ್ತಾರೆ. ಸಾವಿರ ಸಲ ಬಗ್ಗಿ ಏಳುವುದೆಂದರೆ ಯಾವ ಜಿಮ್ಮಿನ ಕಸರತ್ತಿಗೂ ಕಡಿಮೆಯಲ್ಲ. ಅವಳ ಪಕ್ಕದಲ್ಲೇ ಶೂ ಹಾಕಿ, ಕೈಗಡಿಯಾರದಲ್ಲಿ ಎದೆಬಡಿತ ನೋಡಿಕೊಳ್ಳುತ್ತ ಓಡುವ ಹುಡುಗ. ದಿನದ ಗಿರಾಕಿಗಳು ಅರಿಶಿನದ ಮೇಲೆ ಕಾಲಿಡದಂತೆ ಅಂಚಿನಲ್ಲೇ ಹತ್ತುತ್ತಾರೆ. ಅದು ಭಕ್ತಿಯೂ ಹೌದು, ಜಾಣತನವೂ ಹೌದು: ಒಂದು ಹನಿ ಮಳೆ ಬಿದ್ದರೆ ಆ ಕಲ್ಲು ಜಾರುತ್ತದೆ. ತಿಂಡಿಯ ಕವರ್ ಕೈಯಲ್ಲಿ ತೂಗಾಡಿಸಿಕೊಂಡು ಹೊರಟವರನ್ನು ಕೋತಿಗಳು ಸುಮ್ಮನೆ ಬಿಡುವುದಿಲ್ಲ.

ಮೂರರಲ್ಲಿ ಎರಡು ಪಾಲು ಹತ್ತಿದ ಮೇಲೆ ಸಿಗುವುದು ನಂದಿ. ಒಂದೇ ಕಲ್ಲಿನದು, ಎತ್ತರ ಸುಮಾರು 15 ಅಡಿ, ಉದ್ದ 24 ಅಡಿ. ಕೊರಳಿನ ಗಂಟೆಸರ, ಕಾಲಿನ ಮಡಿಕೆ, ಎಳೆಗರುವಿನ ಮುಖದ ಕಳೆ, ಎಲ್ಲವನ್ನೂ ಕೆತ್ತಿದವರು ದನ ಸಾಕಿ ಬಲ್ಲವರೇ ಇರಬೇಕು. ತಲೆತಲಾಂತರದ ಎಣ್ಣೆ ಅಭಿಷೇಕಕ್ಕೆ ಕಲ್ಲು ಕರ್ರಗಾಗಿತ್ತು. ನಿತ್ಯ ಬೆಟ್ಟ ಹತ್ತುವವರು ಸೇರಿ ಕಟ್ಟಿಕೊಂಡ ‘ಬೆಟ್ಟದ ಬಳಗ’ ಎಂಬ ಟ್ರಸ್ಟ್ ವರ್ಷಕ್ಕೊಮ್ಮೆ, ಚಳಿಗಾಲ ಕಾಲಿಡುವ ಹೊತ್ತಿಗೆ, ಅಟ್ಟಣಿಗೆ ಕಟ್ಟಿ ನಂದಿಗೆ ಮಹಾಭಿಷೇಕ ಮಾಡಿಸುತ್ತದೆ. ಹಾಲು, ಮೊಸರು, ಕಬ್ಬಿನ ಹಾಲು, ಅರಿಶಿನ, ಕುಂಕುಮ ಒಂದಾದ ಮೇಲೊಂದು ಸುರಿದು ಕಲ್ಲಿನ ಬಣ್ಣ ಗಳಿಗೆಗೊಂದಾಗುತ್ತದೆ. ನಡಿಗೆಯ ಗೆಳೆತನ ಸೇವೆಯಾಗಿ ಬೆಳೆದದ್ದಕ್ಕೆ ಈ ಬಳಗ ಒಳ್ಳೆಯ ಉದಾಹರಣೆ. ಬಹಳ ಮಂದಿ ಬೆಳಗಿನ ನಡಿಗೆಯವರು ನಂದಿಯವರೆಗೆ ಬಂದು ತಿರುಗುತ್ತಾರೆ, ದೇವಸ್ಥಾನಕ್ಕೆ ಹೋಗುವುದೇ ಇಲ್ಲ.

ಆಷಾಢದ ಶುಕ್ರವಾರಗಳ ಮಾತು ಬೇರೆ. ಆ ತಿಂಗಳಲ್ಲೇ ದೇವಿಯ ವರ್ಧಂತಿಯೂ ಬರುತ್ತದೆ. ನಡುರಾತ್ರಿಯಿಂದಲೇ ಮೆಟ್ಟಿಲು ತುಂಬುತ್ತದೆ. ಖಾಸಗಿ ವಾಹನಗಳನ್ನು ಲಲಿತಮಹಲ್ ಅರಮನೆಯ ಬಳಿಯ ಮೈದಾನದಲ್ಲೇ ನಿಲ್ಲಿಸಿ, ಅಲ್ಲಿಂದ ಸಾರಿಗೆ ಬಸ್ಸಿನಲ್ಲಿ ಜನರನ್ನು ಕಳಿಸುತ್ತಾರೆ. ವರ್ಷದ ನಾಲ್ಕಾರು ದಿನ ಇದು ಸಾಧ್ಯವಾಗುವುದಾದರೆ ಪ್ರತಿ ಭಾನುವಾರ ಯಾಕೆ ಆಗಬಾರದು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು.

ಕಾಡು

ಬೆಟ್ಟದ ಕಾಡು ಒಣ ಎಲೆಯುದುರು ಮತ್ತು ಕುರುಚಲು ಜಾತಿಯದು. ಬಂದರಿಕೆ, ಜಾಲಿ, ಕಗ್ಗಲಿ, ಹೊಂಗೆ, ಸೀತಾಫಲ, ಅಲ್ಲಲ್ಲಿ ಶ್ರೀಗಂಧ, ನೆಟ್ಟು ಬೆಳೆಸಿದ ನೀಲಗಿರಿ. ಮೇ ತಿಂಗಳಲ್ಲಿ ನೋಡಿದವರು ಬೆಟ್ಟ ಬೋಳು ಎನ್ನುತ್ತಾರೆ. ಎರಡು ಮಳೆ ಬಿದ್ದ ಮೇಲೆ ಅದೇ ಇಳಿಜಾರು ಹಸಿರಾಗಿ, ಹುಲ್ಲಿನ ನಡುವೆ ಚಿಟ್ಟೆಗಳು ಕಾಣಿಸಿಕೊಳ್ಳುತ್ತವೆ. ಲಂಟಾನ ಎಲ್ಲ ಕಡೆ ಹಬ್ಬಿದೆ; ಬೇಸಿಗೆಯಲ್ಲಿ ಬೆಂಕಿ ಬೇಗ ಹರಡುವುದಕ್ಕೆ ಒಣಗಿದ ಹುಲ್ಲಿನ ಜೊತೆ ಅದೂ ಕಾರಣ. ಎಸೆದ ಬೀಡಿ ತುಂಡು ಸಾಕು, ಒಂದು ಇಳಿಜಾರು ಪೂರ್ತಿ ಕಪ್ಪಾಗುತ್ತದೆ. ನಗರದ ಮಂದಿ ರಾತ್ರಿ ಮಹಡಿಯ ಮೇಲೆ ನಿಂತು ಬೆಂಕಿಯ ಗೆರೆ ನೋಡುವುದು ಬೇಸಿಗೆಯಲ್ಲಿ ಅಪರೂಪವಲ್ಲ.

ಚಿರತೆ ಇಲ್ಲಿನ ಖಾಯಂ ನಿವಾಸಿ. ಕಾಡುಹಂದಿ, ಮುಳ್ಳುಹಂದಿ, ಮೊಲ, ಮುಂಗುಸಿ, ನವಿಲು ಅದಕ್ಕೆ ಜೊತೆ. ಬುಡದ ಬಡಾವಣೆಗಳು ಕಾಡಿನ ಅಂಚಿಗೇ ಬಂದು ನಿಂತಿರುವುದರಿಂದ, ಅಲ್ಲಿನ ಬೀದಿನಾಯಿಗಳ ಆಸೆಗೆ ಚಿರತೆ ಇಳಿಯುತ್ತದೆ. ಮಾರನೆಯ ದಿನ ಸಿ.ಸಿ. ಟಿ.ವಿ. ದೃಶ್ಯ ಪತ್ರಿಕೆಯಲ್ಲಿ ಬರುತ್ತದೆ. ಕತ್ತಲಾದ ಮೇಲೆ ಮೆಟ್ಟಿಲು ಹತ್ತಬೇಡಿ ಎಂದು ಅರಣ್ಯದವರು ಹೇಳುವುದು ಇದೇ ಕಾರಣಕ್ಕೆ. ಹಕ್ಕಿ ನೋಡುವವರಿಗೆ ಮೆಟ್ಟಿಲಿಗಿಂತ ತಾವರೆಕಟ್ಟೆ ಕಡೆಯ ರಸ್ತೆ ಮೇಲು. ಅಲ್ಲಿ ಇಳಿಜಾರು ತೆರೆದಿರುವುದರಿಂದ ಬಿಸಿಗಾಳಿಯ ಮೇಲೆ ತೇಲುವ ಹದ್ದುಗಳು ಕಣ್ಣಿನ ಮಟ್ಟದಲ್ಲೇ ಸಿಗುತ್ತವೆ.

ರಸ್ತೆ, ಕುಸಿತ ಮತ್ತು ತಕರಾರು

ವಾಹನದ ರಸ್ತೆ ಬೆಟ್ಟವನ್ನು ಸುತ್ತಿ ಹತ್ತುತ್ತದೆ. ಅದರ ಒಂದು ಕವಲು ನಂದಿಗೆ, ಇನ್ನೊಂದು ಉತ್ತನಹಳ್ಳಿಯ ಕಡೆಗೆ. ತಿರುವಿನಲ್ಲೊಂದು ನೋಟದ ತಾಣವಿದೆ. ಅಲ್ಲಿಂದ ಕುದುರೆ ಪಂದ್ಯದ ಮೈದಾನ, ಕಾರಂಜಿ ಕೆರೆ, ಅರಮನೆಯ ಗುಮ್ಮಟ, ಸಂತ ಫಿಲೋಮಿನಾ ಚರ್ಚಿನ ಜೋಡಿ ಶಿಖರ ಕಾಣುತ್ತವೆ. ಆಗಸ ತಿಳಿಯಾಗಿದ್ದರೆ ವಾಯವ್ಯದಲ್ಲಿ ಕೃಷ್ಣರಾಜಸಾಗರದ ನೀರು ಹೊಳೆಯುತ್ತದೆ. 1921ರಲ್ಲಿ ಕಟ್ಟಿದ ಲಲಿತಮಹಲ್ ಇಲ್ಲಿಂದ ಕಂಡಷ್ಟು ಚೆಂದ ಅದರ ಗೇಟಿನಲ್ಲಿ ನಿಂತರೂ ಕಾಣದು. ಸೈಕಲ್ ಸವಾರರಿಗೆ ಈ ರಸ್ತೆಯೇ ಅಭ್ಯಾಸದ ಏರು.

2021ರ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಸುರಿದ ಬಿರುಸಿನ ಮಳೆಗೆ ನಂದಿಗೆ ಹೋಗುವ ರಸ್ತೆಯ ಬದಿ ಒಂದಲ್ಲ, ಹಲವು ಸಲ ಕುಸಿಯಿತು. ಆ ದಾರಿಯಲ್ಲಿ ವಾಹನ ನಿಲ್ಲಿಸಬೇಕಾಯಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ: ಕಡಿದಾದ ಬಂಡೆಯ ಮೇಲೆ ಮೊರಬು ಮಣ್ಣಿನ ತೆಳು ಹೊದಿಕೆ, ಅದರ ಮೇಲೆ ರಸ್ತೆಯ ಭಾರ, ಕಟ್ಟಿದ ಚರಂಡಿಗಳು ತುಂಬಿ ತಡೆಗೋಡೆಯ ಹಿಂದೆ ನಿಂತ ನೀರು. ಮೆಟ್ಟಿಲುಗಳು ಮುನ್ನೂರೈವತ್ತು ವರ್ಷ ನಿಂತಿವೆ. ಅವು ಬೆಟ್ಟವನ್ನು ಅಡ್ಡಕ್ಕೆ ಕಡಿಯದೆ ನೀರು ಇಳಿಯುವ ದಿಕ್ಕಿನಲ್ಲೇ ಹತ್ತುತ್ತವೆ. ಎಂಜಿನಿಯರುಗಳು ಈ ವ್ಯತ್ಯಾಸವನ್ನು ಗಮನಿಸಿದ್ದರೆ ಚೆನ್ನಾಗಿತ್ತು.

ಅಷ್ಟಾದರೂ ಮೇಲೆ ಕಟ್ಟುವ ಹಂಬಲ ನಿಂತಿಲ್ಲ. ನೆತ್ತಿಯಲ್ಲಿ ಬಹುಮಹಡಿ ವಾಹನ ನಿಲ್ದಾಣ ಎದ್ದಿತು. ಗೋಪುರಕ್ಕಿಂತ ಮೊದಲು ಕಣ್ಣಿಗೆ ಬೀಳುವ ಆ ಕಾಂಕ್ರೀಟ್ ರಾಶಿಯನ್ನು ಯಾರೂ ಹೊಗಳಿದ್ದು ಕೇಳಿಲ್ಲ. ಬುಡದಿಂದ ನೆತ್ತಿಗೆ ರೋಪ್‌ವೇ ಹಾಕುವ ಮಾತು ಹಲವು ಸಲ ಎದ್ದಿತು. ಪರಿಸರವಾದಿಗಳು, ನಡಿಗೆಯವರು, ಲೇಖಕರು ಸೇರಿ ಸಹಿ ಸಂಗ್ರಹಿಸಿ, ಸಭೆ ಮಾಡಿ ವಿರೋಧಿಸಿದ ಮೇಲೆ 2022ರಲ್ಲಿ ಅದನ್ನು ಕೈಬಿಡುವುದಾಗಿ ಸರ್ಕಾರದ ಕಡೆಯಿಂದ ಹೇಳಿಕೆ ಬಂತು. ಸಾವಿರ ಅಡಿಯ ಬೆಟ್ಟಕ್ಕೆ, ಆಗಲೇ ರಸ್ತೆಯೂ ಮೆಟ್ಟಿಲೂ ಇರುವಾಗ, ಮೂರನೆಯ ದಾರಿ ಯಾಕೆ ಎಂಬುದಕ್ಕೆ ಒಪ್ಪುವಂಥ ಉತ್ತರ ಯಾರಿಂದಲೂ ಬಂದಿರಲಿಲ್ಲ. ತೀರ್ಥಕ್ಷೇತ್ರಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ‘ಪ್ರಸಾದ’ ಯೋಜನೆಯ ಕಾಮಗಾರಿಗಳ ಬಗೆಗೂ ಅಂಥದೇ ಆಕ್ಷೇಪಗಳಿವೆ. ಶ್ರೀ ಚಾಮುಂಡೇಶ್ವರಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರಕ್ಕಾಗಿ ರಾಜ್ಯ ಸರ್ಕಾರ ಮಾಡಿದ ಕಾಯ್ದೆಯನ್ನು ರಾಜವಂಶದ ಪ್ರಮೋದಾದೇವಿ ಒಡೆಯರ್ 2024ರಲ್ಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಅವರ ವಾದ ದೇವಸ್ಥಾನದ ಮತ್ತು ಆಸ್ತಿಯ ಹಕ್ಕಿನದು, ಸರ್ಕಾರದ ವಾದ ಬರುವ ಜನರಿಗೆ ಸೌಕರ್ಯದ್ದು. ಕಾಡಿನ ಪರ ವಾದಿಸುವವರು ಕೋರ್ಟಿನ ಹೊರಗೆ ಪಾದದ ಬಳಿ ಫಲಕ ಹಿಡಿದು ನಿಲ್ಲುತ್ತಾರೆ.

ಹೋಗುವ ದಾರಿ

ನಗರ ಬಸ್ ನಿಲ್ದಾಣದಿಂದ 201ನೆಯ ಸಂಖ್ಯೆಯ ಬಸ್ಸು ಬೆಟ್ಟದ ನೆತ್ತಿಗೆ ಹೋಗುತ್ತದೆ. ರಸ್ತೆಯ ದಾರಿ ಸುಮಾರು 12 ಕಿ.ಮೀ. ಮೆಟ್ಟಿಲು ಹತ್ತಿ ಹೋಗಿ ಬಸ್ಸಿನಲ್ಲಿ ಇಳಿಯುವುದು ಮಂಡಿ ನೋವಿರುವ ಹಿರಿಯರು ಕಂಡುಕೊಂಡ ಉಪಾಯ. ಬೆಳಿಗ್ಗೆ ಎಂಟು ಗಂಟೆಯೊಳಗೆ ಹತ್ತಿದರೆ ಬಿಸಿಲು ಬೆನ್ನಿಗೆ ಹತ್ತುವುದಿಲ್ಲ. ನಂದಿಯ ಬಳಿ ಎಳನೀರು, ಮಜ್ಜಿಗೆ, ಉಪ್ಪು ಖಾರ ಸವರಿದ ಸೌತೆಕಾಯಿ ಸಿಗುತ್ತವೆ. ಜೂನ್ ಕೊನೆಯಿಂದ ನವೆಂಬರಿನವರೆಗೆ ಬೆಟ್ಟ ಹಸಿರಾಗಿರುತ್ತದೆ. ಆಷಾಢದ ಶುಕ್ರವಾರ, ವರ್ಧಂತಿ ಮತ್ತು ದಸರೆಯ ದಿನಗಳನ್ನು ಬಿಟ್ಟು ವಾರದ ನಡುವೆ ಹೋದವರಿಗೆ ಮೆಟ್ಟಿಲು ಹೆಚ್ಚು ಕಡಿಮೆ ಖಾಲಿ ಸಿಗುತ್ತದೆ.